ಪಟ್ಟದ ಗೊಂಬೆಯ ಪಕ್ಕ ಗಾರ್ಗೊನಾಪ್ಸ್

ವಿಶಾಲಾಕ್ಷಿ ಮೇಡಂ ಯಾರನ್ನೇ ಕಂಡರೂ ಮುಖಕ್ಕಿಂತ ಮೊದಲು ಹಲ್ಲು ನೋಡುತ್ತಿದ್ದರು. ಹೊಸಬರು ಕಕ್ಕಾಬಿಕ್ಕಿಯಾಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಐವತ್ತರ ದಶಕದಲ್ಲಿ ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದ ಒಬ್ಬರೇ ಹೆಂಗಸು ಅವರು. "ಹಲ್ಲು ಸುಳ್ಳು ಹೇಳಲ್ಲ ಕಣ್ರೇ" ಎನ್ನುವುದು ಅವರ ಯಾವತ್ತಿನ ಮಾತು.

ದಸರೆಯಲ್ಲಿ ಎಲ್ಲರ ಮನೆಯಂತೆ ಅವರ ಮನೆಯಲ್ಲೂ ಪಟ್ಟದ ಗೊಂಬೆ ಕೂರುತ್ತಿತ್ತು. ರಾಜ ರಾಣಿಯರ ಪಕ್ಕದಲ್ಲೇ ಮೇಡಂ ಕೈಯಾರೆ ಜೇಡಿಮಣ್ಣಿನಲ್ಲಿ ಮಾಡಿದ ಗಾರ್ಗೊನಾಪ್ಸ್. ಡೈನೋಸಾರ್‌ಗಳಿಗಿಂತ ಮೊದಲೇ ಬದುಕಿ ಅಳಿದುಹೋದ ಮಾಂಸಾಹಾರಿ ಅದು. ನೋಡಲು ಅರ್ಧ ಹಲ್ಲಿ, ಅರ್ಧ ನಾಯಿ, ಬಾಯಿಂದ ಇಳಿಬಿದ್ದ ಕೋರೆಹಲ್ಲು. ಗೊಂಬೆ ಬಾಗಿನಕ್ಕೆ ಬಂದ ಮಕ್ಕಳು ಕೊಬ್ಬರಿಮಿಠಾಯಿ ತಿನ್ನುವುದನ್ನೂ ಮರೆತು ನಿಂತುಬಿಡುತ್ತಿದ್ದರು. ಅಂಥ ಗುರುಗಳು ನನಗೆ ಸಿಕ್ಕಿದ್ದಾರಲ್ಲ ಎಂದು ನನಗೆ ಭಾರಿ ಜಂಬ.

ಒಂದು ವರ್ಷ ದಸರೆ ರಜೆಯಲ್ಲಿ, ದೇವರಾಜ ಮೊಹಲ್ಲಾದಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದ ಅಪ್ಪ, "ಕಪ್ಪೆ ಕುಯ್ಯೋ ಓದು ಸಾಕು. ರಜ ಮುಗುದ್ಮೇಲೆ ಕಾಲೇಜ್ಗೆ ಓಗ್ಬ್ಯಾಡ" ಎಂದುಬಿಟ್ಟರು. ನಾನು ಅಳುತ್ತ ಮೇಡಂಗೆ ಹೇಳಿದೆ. ಅವರು ವಾದಕ್ಕೆ ಇಳಿಯಲಿಲ್ಲ. ಕುಂಕುಮದ ಬಟ್ಟಲು ಹಿಡಿದು ಬಂದು ಮನೆಮಂದಿಯನ್ನೆಲ್ಲ ಗೊಂಬೆ ನೋಡಲು ಕರೆದರು. ಗೊಂಬೆಗೆ ಕರೆದರೆ ಇಲ್ಲ ಎನ್ನುವುದುಂಟೇ? ಅಪ್ಪನೂ ಬಂದರು.

"ಇದ್ಯಾವ ರಾಕ್ಸಸನ್ನ ಕೂರ್ಸ್ಬುಟ್ಟಿದೀರಮ್ಮ?"

"ನಮ್ಮ ದಾಯಾದಿ ಗೌಡ್ರೇ. ಹಲ್ಲಿ ಬಾಯಲ್ಲಿ ಹಲ್ಲೆಲ್ಲ ಒಂದೇ ಥರ. ಇವನ ಬಾಯಿ ನೋಡಿ, ಮುಂದಿಂದು ಬೇರೆ, ಕೋರೆ ಬೇರೆ, ಹಿಂದಿಂದು ಬೇರೆ. ಈಗ ನಿಮ್ಮ ಹಲ್ಲಿನ ಮೇಲೆ ನಾಲಿಗೆ ಆಡ್ಸಿ."

ಅಷ್ಟು ಜನ ಹೆಂಗಸರ ನಡುವೆ ಅಪ್ಪ ತುಟಿ ಬಿಗಿದುಕೊಂಡೇ ನಾಲಿಗೆ ಆಡಿಸಿದರು. ಕೆನ್ನೆ ಉಬ್ಬಿತು, ಇಳಿಯಿತು. "ಔದಲ್ವಾ!" ಎಂದವರು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ಏನು ತಿಂತಿತ್ತು, ಮೊಟ್ಟೆ ಇಡ್ತಿತ್ತಾ, ಮರಿ ಹಾಕ್ತಿತ್ತಾ ಎಂದು ಕೇಳಿದ್ದೇ ಕೇಳಿದ್ದು. ಮೇಡಂ ಅರ್ಧಕ್ಕೇ ನಿಲ್ಲಿಸಿದರು. "ಎಲ್ಲಾ ನಾನೇ ಹೇಳಿದ್ರೆ ಹೆಂಗೆ ಗೌಡ್ರೇ? ನಿಮ್ಮ ಮಗಳು ಓದಿ ಹೇಳ್ತಾಳೆ."

ಅಪ್ಪ ನನ್ನತ್ತ ತಿರುಗಿ, "ರಜ ಯಾವತ್ತು ಮುಗೀತದೆ?" ಎಂದರು.

ಕಾಲೇಜು ತೆರೆದ ದಿನ ಕುಣಿಯುತ್ತ ಹೋದರೆ, ಲ್ಯಾಬಿನಲ್ಲಿ ಮೇಡಂ ಪೆಟ್ಟಿಗೆಗೆ ಪುಸ್ತಕ ತುಂಬುತ್ತಿದ್ದರು. ಶಿವಮೊಗ್ಗಕ್ಕೆ ವರ್ಗವಾಗಿತ್ತು. ರಜೆ ಮುಗಿದ ಕೂಡಲೇ ಹೊರಡಬೇಕೆಂಬ ಆದೇಶ ದಸರೆಗೂ ಮೊದಲೇ ಬಂದಿತ್ತಂತೆ. ನನಗೆ ಅಳುವಿನ ಜೊತೆ ಸಿಟ್ಟೂ ಬಂತು.

"ನೀವೇ ಇಲ್ದಿದ್ರೆ ನಾನ್ಯಾಕೆ ಓದ್ಲಿ ಮೇಡಂ? ಗೊತ್ತಿದ್ದೂ ಅಪ್ಪನ್ನ ಯಾಕೆ ಒಪ್ಸಿದ್ರಿ?"

ಅವರು ಪೆಟ್ಟಿಗೆ ಮುಚ್ಚಿದರು. "ನಾನು ಪಾಠ ಮಾಡ್ಬೇಕು ಅಂತ ಒಪ್ಸಿದ್ನೇನೇ? ನೀನು ಓದ್ಲಿ ಅಂತ ಕಣೇ. ಹೋಗು, ಹೊಸ ಮೇಷ್ಟ್ರು ಕ್ಲಾಸಿಗೆ ಬಂದಿದಾರೆ."

ಅವರನ್ನು ಮತ್ತೆ ನೋಡಲಾಗಲಿಲ್ಲ. ಅವತ್ತು ಕಣ್ಣೊರೆಸಿಕೊಂಡು ಹೋಗಿ ಮುಂದಿನ ಬೆಂಚಿನಲ್ಲಿ ಕೂತೆ.