ಗೂಟ ಹೊಡೆಯಲು ಮಣ್ಣು

ಮಿರ್ದಿಫ್‌ನಲ್ಲಿ ನಮ್ಮ ಪಕ್ಕದ ಮನೆಯ ಅರಬ್ಬಿ ಮುದುಕಿ ಮಾತಾಡುವಾಗ ತನ್ನ ಮನೆಯ ಗೋಡೆಯನ್ನು ಒಂಟೆಗೆ ತಟ್ಟಿದ ಹಾಗೆ ತಟ್ಟುತ್ತಿದ್ದಳು. ಅವಳ ಜನ ಒಂಟೆ ಮೇಯಿಸಿಕೊಂಡು ಮರಳುಗಾಡು ಸುತ್ತಿದವರು. ಅಂಥವರಿಗೆ ಸರ್ಕಾರವೇ ಮನೆ ಕಟ್ಟಿಸಿ ಕೊಟ್ಟಿತ್ತು. ಇವಳು ಮಲಗುವುದು ಮಾತ್ರ ಗೇಟಿನ ಹೊರಗೆ ಹಾಕಿದ ಡೇರೆಯಲ್ಲಿ. ಯಾಕೆ ಮಾರಾಯ್ತಿ ಅಂದರೆ, "ಮನೆ ಸರ್ಕಾರದ್ದು, ನಿದ್ದೆ ನನ್ನದು" ಎನ್ನುತ್ತಿದ್ದಳು. ನಮ್ಮಿಬ್ಬರದೂ ಹರಕು ಹಿಂದಿ.

ಒಂದು ದಿನ ನಾನಲ್ಲಿ ಕೂತಿದ್ದಾಗಲೇ ಡೇರೆ ತೆಗೆಸಲು ಸರ್ಕಾರದ ಆಫೀಸರು ಬಂದ. ಇವಳು ಕಾಫಿ ಕೊಟ್ಟಳು. ಅವನು ಕುಡಿಯದೆ ಕಪ್ಪು ಕೆಳಗಿಟ್ಟ. ಎಂಥ ಜಂಬ ಇವನಿಗೆ ಅಂದುಕೊಂಡೆ. ಅವರ ಅರಬ್ಬಿ ಮಾತು ನನಗೆಲ್ಲಿ ತಿಳಿಯಬೇಕು, ಆಮೇಲೆ ಅವಳೇ ಬಿಡಿಸಿ ಹೇಳಿದಳು: ಅವರಲ್ಲಿ ಬಂದವರು ಹಾಗೆ ಇಟ್ಟರೆ ಏನೋ ಕೇಳಲಿಕ್ಕುಂಟು ಎಂದರ್ಥ. ಮನೆಯವರು ಇಲ್ಲ ಅನ್ನುವ ಹಾಗಿಲ್ಲ.

"ಡೇರೆ ರಸ್ತೆಯಲ್ಲಿ ಬೇಡಮ್ಮ, ಅಂಗಳದೊಳಗೆ ಹಾಕು," ಅಂದನಂತೆ.

"ಆಯ್ತು, ಕುಡಿ," ಅಂದಳಂತೆ. ಅವನು ಕುಡಿದ ಕೂಡಲೇ ತನ್ನ ತುಂಬಿದ ಕಪ್ಪನ್ನು ತಾನೂ ಕುಡಿಯದೆ ಅವನ ಮುಂದಿಟ್ಟಳು. "ಅಂಗಳಕ್ಕೆಲ್ಲ ನೀವೇ ಟೈಲ್ಸ್ ಹಾಕಿಸಿದ್ದೀರಿ. ಮನೆ ಕೊಟ್ಟವರು ಗೂಟ ಹೊಡೆಯಲು ಮಣ್ಣೂ ಕೊಡಬೇಕು."

ಆಫೀಸರು ಹೊಟ್ಟೆ ಹಿಡಿದುಕೊಂಡು ನಕ್ಕ. "ಖಲಾಸ್, ಆಯ್ತು, ನೀನೂ ಕುಡಿ!"

ಆ ವಾರವೇ ಆಳುಗಳು ಬಂದು ಟೈಲ್ಸ್ ಕಿತ್ತರು, ಡೇರೆ ಒಳಗೆ ಬಂತು. ಅವಳು ನನ್ನನ್ನು ಕರೆದು, ನೆಲದ ಮೇಲೆ ಕೂರಿಸಿ, ಕಾಫಿ ಕೊಟ್ಟಳು. ನಾನು ಕುಡಿಯದೆ ಕೆಳಗಿಟ್ಟೆ.

"ನಿನಗೆಂಥದು?" ಅಂದಳು.

"ಒಂದು ಕುರ್ಚಿ. ಇಲ್ಲಿ ಕೂತರೆ ನನಗೆ ಏಳಲಿಕ್ಕಾಗುವುದಿಲ್ಲ."

ಒಂಟೆಗೆ ತಟ್ಟಿದ ಹಾಗೆ ನನ್ನ ಬೆನ್ನಿಗೆ ತಟ್ಟಿ, "ಆಯ್ತು, ಕುಡಿ," ಅಂದಳು.