ಸರ್ ಅವರ ಕೈಯಿಂದ ಹೋದ ಅರ್ಜಿ

ಪಿಎಚ್.ಡಿ. ಮುಗಿಸಿದವರಿಗೆ ನಮ್ಮ ಕಡೆ ಸುಲಭವಾಗಿ ಸಿಗುವ ಪದವಿ ಎಂದರೆ ಅತಿಥಿ ಉಪನ್ಯಾಸಕರದ್ದು. ಹೆಸರಿಗೆ ಅತಿಥಿ, ಸ್ಟಾಫ್ ರೂಮಿನಲ್ಲಿ ಕುರ್ಚಿ ಖಾಲಿ ಇದ್ದರೆ ಕೂರಬೇಕು. ನಾನು ಕೆಲವು ವರ್ಷ ಹಾಗೇ ಧಾರವಾಡದಲ್ಲಿ ರೂಮು ಮಾಡಿಕೊಂಡು ನವಲಗುಂದದ ಬಸ್ಸಿಗೆ ಜೋತುಬಿದ್ದು ಹೋಗಿ ಇತಿಹಾಸ ಪಾಠ ಮಾಡಿದೆ. ಆಗ ದೊಡ್ಡ ಸಂಸ್ಥೆಯೊಂದು ಪರಿಸರ ಇತಿಹಾಸ ಮತ್ತು ವಿಜ್ಞಾನದ ಇತಿಹಾಸದಲ್ಲಿ ಪೋಸ್ಟ್‌ಡಾಕ್ ಸಂಶೋಧನೆಗೆ ಅರ್ಜಿ ಕರೆಯಿತು. ಇದ್ದದ್ದು ಒಂದೇ ಜಾಗ. ಸಂಬಳ ಕೊಟ್ಟು, ಎರಡು ವರ್ಷ ಬೇರೇನೂ ಮಾಡಬೇಡ, ಓದು, ಬರೆ ಎನ್ನುವ ಕೆಲಸ. ವಯಸ್ಸಿನ ಮಿತಿ ಮುಗಿಯುತ್ತ ಬಂದಿತ್ತು. ಇದು ತಪ್ಪಿದರೆ ನನಗೆ ಮತ್ತೊಂದಿರಲಿಲ್ಲ.

ವಿಷಯಕ್ಕೆ ಪರದಾಡಬೇಕಾಗಿರಲಿಲ್ಲ. ನಮ್ಮದು ಎರೆಮಣ್ಣಿನ ಸೀಮೆ. ಮಳೆ ಎಷ್ಟಾಯಿತೆಂದು ತಾಲೂಕು ಕಚೇರಿಯ ಮಳೆಮಾಪಕ ಬ್ರಿಟಿಷರ ಕಾಲದಿಂದ ಹೇಳುತ್ತ ಬಂದಿದೆ. ಹೊಲದವರು ಅದನ್ನು ಕೇಳಲು ಹೋಗುವುದಿಲ್ಲ. ಮಣ್ಣೊಳಗೆ ಕೈ ಇಳಿಸಿ, ಹಸಿ ಎಷ್ಟು ಗೇಣು ಹೋಗಿದೆ ನೋಡಿ ಹಿಂಗಾರಿ ಜೋಳ ಬಿತ್ತುತ್ತಾರೆ. ಒಂದೇ ಮಳೆಗೆ ಎರಡು ಅಳತೆ. ಒಂದು ವಿಜ್ಞಾನವಾಯಿತು, ಇನ್ನೊಂದು ರೂಢಿಯಾಗಿ ಉಳಿಯಿತು. ಹಾಗೇಕಾಯಿತು ಎಂಬುದು ನನ್ನ ಪ್ರಶ್ನೆ. ನನ್ನನ್ನು ಸಾಕಿದ ಕಾಕಾನ, ಅಂದರೆ ಅಪ್ಪನ ತಮ್ಮನ, ಹಿಂದೆ ಹೊಲ ತಿರುಗುವಾಗ ಹುಟ್ಟಿದ ಪ್ರಶ್ನೆ ಅದು.

ಬಿತ್ತಿಗೆಯ ದಿನ ಕಾಕಾ ಮೊದಲ ಮುಷ್ಟಿ ಕಾಳನ್ನು ಬಿತ್ತುವ ಕೂರಿಗೆಯ ಬಟ್ಟಲಿಗೆ ತಾನು ಹಾಕುವುದಿಲ್ಲ. ಕೈಗುಣ ಚಲೋ ಇರುವ ಹಿರಿಯರೊಬ್ಬರನ್ನು ಕರೆತಂದು ಅವರಿಂದ ಹಾಕಿಸುತ್ತಾನೆ. ಬೀಜ ನಮ್ಮದು, ಹೊಲ ನಮ್ಮದು, ಕೈ ಮಾತ್ರ ಅವರದು. ಆ ಬುದ್ಧಿಯನ್ನೇ ನಾನು ಅರ್ಜಿಗೂ ಹಚ್ಚಿದೆ. ಎಲ್ಲ ಬರೆದು ಮುಗಿಸಿ, ಒಂದು ಬಟನ್ ಒತ್ತುವುದಷ್ಟೇ ಬಾಕಿ ಇದ್ದಾಗ, ಧಾರವಾಡದಲ್ಲೇ ಇದ್ದ ನನ್ನ ಪಿಎಚ್.ಡಿ. ಮಾರ್ಗದರ್ಶಕರ ಮನೆಗೆ ಪೆನ್‌ಡ್ರೈವ್ ಹಿಡಿದುಕೊಂಡು ಹೋದೆ.

"ಇದು ನಿಮ್ಮ ಕೈಯಿಂದನ ಹೋಗ್ಲಿರಿ ಸರ್" ಅಂದೆ.

"ಆತು ಬಿಡವಾ. ನಾ ಕಳಸ್ತೀನಿ, ನೀ ಆರಾಮಿರು" ಅಂದರು. ಅವರ ಹೆಂಡತಿ ಕೊಟ್ಟ ಅವಲಕ್ಕಿ ತಿಂದು, ಕಾಲಿಗೆ ನಮಸ್ಕಾರ ಮಾಡಿ ಬಂದೆ. ಪಟ್ಟಣದಲ್ಲಿ ಬೆಳೆದ ಯಾವ ಹುಡುಗಿಯೂ ಹೀಗೆ ಮಾಡುತ್ತಿರಲಿಲ್ಲ. ಬಿತ್ತುವವರ ಮನೆಯವಳಾದ ನನಗೆ ಅದು ಸಹಜವೆನಿಸಿತ್ತು.

ಫಲಿತಾಂಶ ಸಂಸ್ಥೆಯ ವೆಬ್‌ಸೈಟಿನಲ್ಲಿ ಬಂತು. ಶೀರ್ಷಿಕೆ ನನ್ನದೇ, ಒಂದು ಅಲ್ಪವಿರಾಮ ಕೂಡ ಅಲುಗಿರಲಿಲ್ಲ. ಹೆಸರು ಮಾತ್ರ ಸರ್ ಅವರ ಹೊಸ ಶಿಷ್ಯನದು. ಆ ಹುಡುಗ ಎರೆಮಣ್ಣು ಚಪ್ಪಲಿಗೆ ಹತ್ತಿದರೆ ಬೇಸರ ಮಾಡಿಕೊಳ್ಳುವವನು. ಮೊದಲು ನಾನೇ ಏನೋ ತಪ್ಪು ನೋಡಿದೆ ಅಂದುಕೊಂಡೆ. ಮತ್ತೆ ಮತ್ತೆ ತೆರೆದು ನೋಡಿದರೂ ಅದೇ ಹೆಸರು. ಸೀದಾ ಸರ್ ಅವರ ಮನೆಗೆ ಹೋದೆ.

ಸರ್ ನಾಚಿಕೊಳ್ಳುತ್ತಾರೆ ಎಂದು ಎಣಿಸಿದ್ದೆ, ಆ ಆಸೆಯೂ ಹುಸಿಯಾಯಿತು.

"ನೋಡವಾ, ವಿಷಯ ಅನ್ನೋದು ಯಾರಪ್ಪನ ಆಸ್ತೀನೂ ಅಲ್ಲ. ಅವಂಗ ಇಂಗ್ಲಿಷ್ ಚಲೋ ಐತಿ, ದೊಡ್ಡ ಮಂದಿ ಮುಂದ ನಿಲ್ತಾನ. ನಿನಗೂ ಕೆಲಸ ಇಟ್ಟೇನಿ. ಊರಾಗ ಮಂದೀನ ಮಾತಾಡಸಾಕ ನೀ ಬೇಕಲ್ಲ" ಅಂದರು.

ಒಳಗಿನಿಂದ ಅವರ ಹೆಂಡತಿ ಚಹಾ ತಂದರು. ನಾನು ಮುಟ್ಟಲಿಲ್ಲ. ಬೈಯಬೇಕಿತ್ತು, ಬಾಯಿಗೆ ಬಂದದ್ದೆಲ್ಲ "ಸರ್" ಎಂದೇ ಶುರುವಾಗುತ್ತಿತ್ತು. ಇಷ್ಟು ವರ್ಷ ನಂಬಿದ ಮನುಷ್ಯನ ಮುಂದೆ ಸಿಟ್ಟು ಮಾಡಲೂ ನನಗೆ ಬರಲಿಲ್ಲವಲ್ಲ ಎಂದು ಊರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ಕಂಡಕ್ಟರ್ ಟಿಕೆಟ್ ಕೇಳಲು ಎರಡು ಸಲ ಬಂದು ಸುಮ್ಮನೆ ಹಿಂದೆ ಹೋದ.

ಊರಲ್ಲಿ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಕಾಕಾ ನನ್ನನ್ನು ಕಂಡವನೇ ಎದ್ದು ಬಂದು ಬಾಯಿಗೆ ಸಕ್ಕರೆ ಹಾಕಿದ.

"ಬರ್ರಿ ಬರ್ರಿ, ಸಾಹೇಬ್ರ! ನಿನಗ ಕೆಲಸಾ ಆತಂತಲ್ಲ? ಹೋದ ವಾರ ನಿಮ್ಮ ಸರ್ ಬಂದಿದ್ರು, ಜೋಡಿ ಒಂದ್ ಹುಡುಗನೂ ಇದ್ದ. ಕೆಲಸದ ಸುದ್ದಿ ಅವ್ರ ಹೇಳಿದ್ರು, ನೀನ ಕಳಿಸಿದಿ ಅಂತಂದ್ರು. ನಿನ್ನ ಪುಸ್ತಕಕ್ಕ ಬೇಕಂತ, ನಾ ಆಡಿದ ಮಾತೆಲ್ಲಾ ಆ ಹುಡುಗ ಫೋನಿನಾಗ ತುಂಬಿಕೊಂಡು ಹೋದ."

ಸಕ್ಕರೆ ಬಾಯಲ್ಲೇ ಇತ್ತು. "ಏನೇನ ಹೇಳಿದಿ ಕಾಕಾ?" ಅಂದೆ.

"ಹಸಿ ನೋಡೋದು, ಗೇಣಿನ ಲೆಕ್ಕ, ಎಲ್ಲಾ. ಆಮ್ಯಾಲ..." ಅವನು ಟವೆಲ್ಲಿನಿಂದ ಮೂಗು ಒರೆಸಿಕೊಂಡ. "ನಿಮ್ಮಪ್ಪನ ಸುದ್ದೀನೂ ಹೇಳಿದ್ನೆವಾ. ಹೊಲದಾಗ ಅಂವಾ ಹೆಂಗಿದ್ದ, ಕಡೀ ದಿನ ನನ್ನ ಮುಂದ ಏನಂದ, ಎಲ್ಲಾ. ನೀ ಬರಿತೀಯಲ್ಲ, ಇದರಾಗ ಇರಲಿ ಅಂತ."

ಅಪ್ಪ ತೀರಿಕೊಂಡಾಗ ನಾನು ಶಾಲೆಯಲ್ಲಿ ಎರಡನೇ ಇಯತ್ತೆಯಲ್ಲಿದ್ದೆ. ಅವನ ಮುಖವೂ ನನಗೆ ನೆಟ್ಟಗೆ ನೆನಪಿಲ್ಲ. ಅಂದಿನಿಂದ ಕಾಕಾ ಒಂದು ದಿನವೂ ಅಣ್ಣನ ಮಾತು ಎತ್ತಿರಲಿಲ್ಲ. ನಾನು ಕೇಳಿದಾಗೆಲ್ಲ ಎದ್ದು ಎತ್ತಿನ ಮೈ ತಿಕ್ಕಲು ಹೋಗುತ್ತಿದ್ದ. ಆ ಮಾತನ್ನು ಅವನು ಮೊದಲ ಸಲ ಆಡಿದ್ದು, ಆ ಇಬ್ಬರ ಎದುರು.

ನಡೆದದ್ದನ್ನೆಲ್ಲ ಹೇಳಿದೆ. ಕಾಕಾ ಬೈಯುತ್ತಾನೆ, ಕೂಗಾಡುತ್ತಾನೆ, ಧಾರವಾಡಕ್ಕೆ ಬಡಿಗೆ ಹಿಡಿದು ಹೊರಡುತ್ತಾನೆ ಎಂದುಕೊಂಡೆ. ಅವನು ಕಟ್ಟೆಯ ಮೇಲೆ ಕೂತ.

"ನೀ ಕಳಿಸಿದ್ದಿಲ್ಲೇನ?"

"ಇಲ್ಲ ಕಾಕಾ."

ನಾನು ಬಾಜೂಕ ಕೂತು ಅವನ ಕೈ ಹಿಡಿದುಕೊಂಡೆ. "ಅಪ್ಪನ ಸುದ್ದಿ ನನಗೂ ಒಮ್ಮೆ ಹೇಳು ಕಾಕಾ. ಬರಿಯಾಕಲ್ಲ. ಸುಮ್ನ ಹೇಳು" ಅಂದೆ.

ಕಾಕಾ ತಲೆಯಾಡಿಸಿದ. "ಒಮ್ಮೆ ಹೇಳಿದ್ನೆವಾ. ಇನ್ನೊಮ್ಮೆ ನನ್ನ ಕಡೆ ಆಗೂದಿಲ್ಲ."

ಅವನು ಎದ್ದು ಎತ್ತಿನ ಕಡೆ ಹೋದ. ನನ್ನಪ್ಪ ಕೊನೆಗೆ ಏನಂದ ಎಂದು ತಿಳಿಯಬೇಕಾದರೆ, ನಾನು ಈಗ ಆ ಹುಡುಗನಿಗೆ ಫೋನ್ ಮಾಡಬೇಕು.