ಹೊಳೆಯಿಂದ ನನ್ನನ್ನು ಎಳೆದವಳು

ಕಾಗಿಣಾ ಹೊಳೆಯಲ್ಲಿ ಮುಳುಗುತ್ತಿದ್ದ ನನ್ನನ್ನು ದಡಕ್ಕೆ ಎಳೆದು ತಂದವಳು ಸುಜಾತಾ. ನನ್ನ ದೊಡ್ಡಪ್ಪನ ಮಗ ಶರಣಪ್ಪ ಅಲ್ಲ. ಶರಣಪ್ಪನೆಂದು ಹೇಳಿದವಳು ನಾನು. ಬಾಯಿ ತಪ್ಪಿ ಬಂದ ಮಾತಲ್ಲ ಅದು — ಗೊತ್ತಿದ್ದೇ ಹೇಳಿದೆ, ನೆರೆದ ಜನರೆದುರು ಹೇಳಿದೆ, ಆಮೇಲೆ ತಲೆಗೂದಲು ಹಣ್ಣಾಗುವವರೆಗೂ ಹೇಳುತ್ತಲೇ ಬಂದೆ.

ನಾನು ಸೇಡಂನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನೀಲಮ್ಮ. ನೀತಿಯ ತರಗತಿಯೂ ನನ್ನದೇ. ನನ್ನೆದುರು ಕೂಡುವ ಮಕ್ಕಳಲ್ಲಿ ಎಲ್ಲ ಬಗೆಯವರೂ ಇದ್ದಾರೆ — ಮನೆಯಲ್ಲಿ ಉರ್ದು ಮಾತಾಡುವವರು, ತಾಂಡಾದಿಂದ ನಡೆದು ಬರುವವರು, ಚಿಂಚೋಳಿ ಕಡೆಯ ತೆಲುಗು ಬೆರೆತ ಕನ್ನಡದವರು, ಬುದ್ಧನ ಪಟಕ್ಕೆ ಕೈಮುಗಿದು ಬರುವವರು, ನನ್ನ ಹಾಗೆ ಹಣೆಗೆ ವಿಭೂತಿ ಹಚ್ಚಿಕೊಂಡವರು. ಗುಣ ದೊಡ್ಡದು, ಹುಟ್ಟು ದೊಡ್ಡದಲ್ಲ, ಒಬ್ಬರನ್ನೊಬ್ಬರು ಗೌರವಿಸಿ ಎಂದು ಅವರಿಗೆಲ್ಲ ಹೇಳುತ್ತಿದ್ದೆ. ಮಾತಿಗೊಂದು ಉದಾಹರಣೆ ಬೇಕಲ್ಲ? ಆಗ ಶರಣಪ್ಪನ ಕಥೆ ತೆಗೆಯುತ್ತಿದ್ದೆ. ಜೀವದ ಹಂಗು ತೊರೆದು ತುಂಬಿದ ಹೊಳೆಗೆ ಹಾರಿದ ಅಣ್ಣ. ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಹೇಳುತ್ತ ಹೇಳುತ್ತ — ಬರೆಯಲು ನಾಚಿಕೆಯಾಗುತ್ತದೆ — ನನಗೇ ಅದು ನಿಜವಾಗಿ ನಡೆದದ್ದೆಂಬಂತೆ ಕಾಣತೊಡಗಿತ್ತು.

ನಿದ್ದೆ ಮಾತ್ರ ನನ್ನ ಕಥೆಯನ್ನು ಒಪ್ಪಲಿಲ್ಲ. ಕನಸಿನಲ್ಲಿ ಹೊಳೆ ಬರುತ್ತಿತ್ತು. ಕೆಂಪು-ಹಸಿರು ಬೆಳಕು, ಕಿವಿಯೊಳಗೆ ದೂರದ ಡೋಲಿನಂಥ ಸದ್ದು, ಮೈಯೆಲ್ಲ ಹಗುರ. ಎಲ್ಲಿಂದಲೋ ಒಂದು ಸಣ್ಣ ಕೈ ಬಂದು ನನ್ನ ಜಡೆ ಹಿಡಿಯುತ್ತಿತ್ತು. ಹುಡುಗಿಯ ಕೈ. ಆ ಕೈಯ ಹಿಂದಿನ ಮುಖ ಕಾಣುವ ಮೊದಲೇ ನಾನು ಎಚ್ಚರಾಗುತ್ತಿದ್ದೆ... ಎಚ್ಚರಾಗಿಬಿಡುತ್ತಿದ್ದೆ ಎನ್ನುವುದೇ ಸರಿಯೇನೋ.

ಚಿತ್ತಾಪುರ ತಾಲೂಕಿನ ದಂಡೋತಿ ನಮ್ಮೂರು. ನಮ್ಮ ಮನೆ ಊರಬಾಗಿಲ ಅಗಸಿಯ ಒಳಗೆ. ಸುಜಾತಾಳ ಮನೆ ಊರ ಹೊರಗೆ, ಹೊಳೆಯ ಕಡೆ. ನಾವಿಬ್ಬರೂ ಒಂದೇ ತರಗತಿಯವರು. ಶಾಲೆಯಲ್ಲಿ ಅಕ್ಕಪಕ್ಕ ಕೂಡುತ್ತಿದ್ದೆವು, ಹೊಳೆಯ ದಂಡೆಯ ಹಾಸುಗಲ್ಲಿನ ಮೇಲೆ ಕಾಲು ಇಳಿಬಿಟ್ಟು ಹುಣಸೆಹಣ್ಣು ಚೀಪುತ್ತಿದ್ದೆವು. ನಮ್ಮ ಓಣಿಗೆ ಬಂದರೆ ಅವಳು ಕಟ್ಟೆಯ ಕೆಳಗೆ ನಿಲ್ಲುತ್ತಿದ್ದಳು. ಮೇಲೆ ಬಾ ಎಂದು ನಾನು ಕರೆದದ್ದು ನೆನಪಿಲ್ಲ. ಕರೆಯಬೇಕೆಂದು ಹೊಳೆದದ್ದೂ ನೆನಪಿಲ್ಲ.

ಮಳೆಗಾಲ ಮುಗಿಯುತ್ತ ಬಂದಿತ್ತು. ನೀರು ಇನ್ನೂ ಕೆಂಪಗೇ ಇತ್ತು. ಹಾಸುಗಲ್ಲಿನ ಮೇಲೆ ಪಾಚಿ. ಕಾಲು ಜಾರಿತು. ಕೂಗಲು ಬಾಯಿ ತೆರೆದೆ, ನೀರು ಒಳಗೆ ಬಂತು. ಆಮೇಲೆ ಆ ಬೆಳಕು, ಆ ಸದ್ದು. ಸುಜಾತಾ ಲಂಗ ಎತ್ತಿ ಕಟ್ಟಿ ಹಾರಿದ್ದಳು. ಹೊಳೆಯ ದಂಡೆಯಲ್ಲೇ ಬೆಳೆದವಳು, ಈಜು ಅವಳಿಗೆ ನಡಿಗೆಯಷ್ಟೇ ಸಲೀಸು. ಜಡೆ ಹಿಡಿದು ಎಳೆದಳು. ದಡದ ಮೇಲೆ ಬೋರಲು ಮಲಗಿಸಿ ಬೆನ್ನು ಒತ್ತಿದಳು. ಒತ್ತುತ್ತ ಅಳುತ್ತಿದ್ದಳು. ಅವಳ ಕಣ್ಣೀರು ನನ್ನ ಕುತ್ತಿಗೆಯ ಮೇಲೆ ಬಿದ್ದಾಗ ಬೆಚ್ಚಗಿತ್ತು. ನನಗೆ ಮೊದಲು ತಿಳಿದದ್ದು ಅದು.

ಅವಳ ತಾಯಿ ಓಡಿ ಬಂದರು. ನನ್ನನ್ನು ಎತ್ತಿಕೊಂಡು ತಮ್ಮ ಮನೆಗೆ ಒಯ್ದರು. ಒದ್ದೆ ಬಟ್ಟೆ ತೆಗೆದು ತಮ್ಮ ಸೀರೆಯಲ್ಲಿ ಸುತ್ತಿದರು, ಕೌದಿ ಹೊದಿಸಿದರು, ತೊಡೆಯ ಮೇಲೆ ಮಲಗಿಸಿಕೊಂಡು ಬಿಸಿ ಗಂಜಿಯನ್ನು ಚಮಚದಿಂದ ಕುಡಿಸಿದರು. "ಕುಡಿ ನನ್ನ ಕೂಸೇ, ಇನ್ನೊಂದು ಗುಟುಕು ಕುಡಿ." ಒಲೆಯ ಹೊಗೆ ಬೆಳಕಿನ ಕೋಲಿನಲ್ಲಿ ನಿಧಾನಕ್ಕೆ ಸುತ್ತುತ್ತಿತ್ತು. ಹೊರಗೆ ಯಾರೋ ಮೇಕೆಯನ್ನು ಕೂಗಿ ಕರೆಯುತ್ತಿದ್ದರು. ಆ ಮಧ್ಯಾಹ್ನ ನಾನು ಮಲಗಿದಷ್ಟು ಸುಖವಾಗಿ — ನನ್ನ ಸ್ವಂತ ತಾಯಿಯ ಮನೆಯಲ್ಲೂ — ಇರಲಿ. ಹೇಳಬೇಕಾದುದನ್ನು ಹೇಳುತ್ತೇನೆ.

ಸುದ್ದಿ ತಿಳಿದು ಶರಣಪ್ಪ ಬಂದ. ಆಗಿನ್ನೂ ಮೀಸೆ ಮೂಡುತ್ತಿದ್ದ ಹುಡುಗ. ನನಗೆ ನನ್ನ ಒದ್ದೆ ಬಟ್ಟೆಯನ್ನೇ ತೊಡಿಸಿ ಹೆಗಲಿಗೆ ಹಾಕಿಕೊಂಡ. ದಾರಿಯಲ್ಲಿ ಪಿಸುಗುಟ್ಟಿದ, "ಆ ಮನ್ಯಾಗ ಗಂಜಿ ಕುಡದೀನಿ ಅಂತ ಆಯಿ ಮುಂದ ಹೇಳಬ್ಯಾಡ ನೋಡು. ಹೊಸ್ತಿಲ ದಾಟಗೊಡಂಗಿಲ್ಲ ಆಕಿ."

ಆಯಿ ಎಂದರೆ ನಮ್ಮ ಅಪ್ಪನ ತಾಯಿ. ಕುಲವಿಲ್ಲ ಎನ್ನುವ ವಚನಗಳನ್ನು ದಿನವೂ ಬೆಳಿಗ್ಗೆ ರಾಗವಾಗಿ ಹಾಡುತ್ತಿದ್ದವಳು. ಹೊಸ್ತಿಲಲ್ಲೇ ನಿಂತಿದ್ದಳು.

"ಯಾರು ತೆಗದ್ರು ಯವ್ವಾ ನಿನಗ?"

ಶರಣಪ್ಪನ ಅಂಗಿ ನನ್ನ ಬಟ್ಟೆಯಿಂದ ಪೂರ್ತಿ ತೊಯ್ದಿತ್ತು. ನಾನು ಆ ಅಂಗಿಯನ್ನು ನೋಡಿದೆ. "ಶರಣಣ್ಣ" ಅಂದೆ. ಅವನು ಬಾಯಿ ತೆರೆದ, ಮತ್ತೆ ಮುಚ್ಚಿದ. ಆಯಿ ಅವನ ಕೆನ್ನೆಗೆ ಕೈ ತಾಗಿಸಿ ಲಟಿಕೆ ಮುರಿದಳು.

ಅಷ್ಟಕ್ಕೇ ನಿಂತಿದ್ದರೆ ಹೆದರಿದ ಹುಡುಗಿಯ ಸುಳ್ಳು ಎನ್ನಬಹುದಿತ್ತು. ನಿಲ್ಲಲಿಲ್ಲ. ಊರ ಹಿರಿಯರು ಶಾಲೆಯ ಅಂಗಳದಲ್ಲಿ ಶರಣಪ್ಪನಿಗೆ ಸನ್ಮಾನ ಇಟ್ಟರು. ಶಾಲು ಹೊದಿಸುವ ಹೊತ್ತಿಗೆ ಮಕ್ಕಳ ಸಾಲಿನಿಂದ ಸುಜಾತಾ ಎದ್ದು ನಿಂತಳು.

"ಸರ್, ನೀಲಮ್ಮಗ ತೆಗದಾಕಿ ನಾನ್ರಿ."

ಕೋಪದಿಂದ ಹೇಳಿದ್ದಲ್ಲ. ಯಾರೋ ಲೆಕ್ಕ ತಪ್ಪಿ ಬರೆದಿದ್ದಾರೆ, ತಿದ್ದಬೇಕು ಎನ್ನುವ ಹಾಗೆ ಹೇಳಿದಳು. ಅವಳ ತಾಯಿ ಗೋಡೆಯ ಆಚೆ, ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದರು. ನಮ್ಮ ಹೆಡ್ಮಾಸ್ತರರು ಒಳ್ಳೆಯವರು. ಗದರಲಿಲ್ಲ. ನನ್ನನ್ನು ಮುಂದೆ ಕರೆದು ಹೆಗಲ ಮೇಲೆ ಕೈಯಿಟ್ಟು ಕೇಳಿದರು, "ನೀನೇ ಹೇಳು ಯವ್ವಾ. ಹೆದರಬ್ಯಾಡ. ಖರೇ ಏನದ ಅದೇ ಹೇಳು."

ದಾರಿ ತೆರೆದೇ ಇತ್ತು. ಆಯಿ ಎದುರಿಗೆ ಕೂತಿದ್ದಳು. ಸುಜಾತಾ ನನ್ನನ್ನು ನೋಡಿ ಸ್ವಲ್ಪ ನಕ್ಕಳು — ಇನ್ನೇನು ನಾನು ಹೇಳಿಬಿಡುತ್ತೇನೆಂದು ನಂಬಿದ ನಗು.

"ಆಕಿ ಸುಳ್ಳು ಹೇಳಲಿಕತ್ತಾಳ್ರಿ" ಅಂದೆ.

ಅಂಗಳ ನಕ್ಕಿತು. ಶರಣಪ್ಪ ಶಾಲು ಹೊದ್ದು ನೆಲ ನೋಡುತ್ತಿದ್ದ. ಅವನಿಗೆ ಈಜು ಬರುತ್ತಿರಲಿಲ್ಲ. ಅದು ಊರಿಗೆಲ್ಲ ಗೊತ್ತಿತ್ತು. ಅವನಿಗೆ ಈಜು ಕಲಿಸಲು ಹೋಗಿ ಸೋತವರೂ ಅಲ್ಲೇ ಕೂತಿದ್ದರು. ಯಾರೂ ಕೇಳಲಿಲ್ಲ. ಸುಳ್ಳು ನನ್ನೊಬ್ಬಳ ಬಾಯಿಂದ ಬಂದದ್ದು ನಿಜ. ಆದರೆ ಅದಕ್ಕೆ ಎಷ್ಟು ಬೇಗ ಎಲ್ಲರೂ ಚಾಪೆ ಹಾಸಿ ಕೂಡಿಸಿದರು... ಇಲ್ಲ, ಹೀಗೆ ಬರೆದರೆ ನನ್ನ ಪಾಲು ಕಡಿಮೆಯಾದಂತೆ ಆಗುತ್ತದೆ. ಹೇಳಿದವಳು ನಾನು.

ಅಂದಿನಿಂದ ಶಾಲೆಯಲ್ಲಿ ಅವಳಿಗೆ 'ಸುಳ್ಳಿ' ಎಂಬ ಹೆಸರು ಬಿತ್ತು. ಪೆನ್ಸಿಲು ಕಳೆದರೂ ಅವಳ ಕಡೆ ನೋಡುತ್ತಿದ್ದರು. ಅವಳು ನನ್ನ ಪಕ್ಕದಿಂದ ಎದ್ದು ಹೋಗಿ ಹಿಂದೆ ಕೂತಳು. ಮುಂದಿನ ಬೇಸಿಗೆಯ ಹೊತ್ತಿಗೆ ಅವಳ ತಾಯಿ ಅವಳನ್ನು ವಾಡಿಯಲ್ಲಿದ್ದ ಸೋದರಮಾವನ ಮನೆಗೆ ಕಳಿಸಿಬಿಟ್ಟರು. ಅವಳು ಬಸ್ಸು ಹತ್ತಿದ ದಿನ ನಾನು ಮಾಳಿಗೆಯ ಮೇಲಿದ್ದೆ. ಧೂಳು ಎದ್ದು, ಹರಡಿ, ಮತ್ತೆ ರಸ್ತೆಯ ಮೇಲೆ ಕೂಡುವುದನ್ನು ನೋಡುತ್ತ ಕೂತಿದ್ದೆ. ನನಗೆ ಹಗುರವೆನಿಸಿತು. ಇದನ್ನೂ ಹೇಳಬೇಕು — ಹಗುರವೇ ಎನಿಸಿತು.

ವರ್ಷಗಳು ಹೋದವು. ಆಯಿ ತೀರಿಕೊಂಡಳು. ಇನ್ನು ಹೆದರಬೇಕಾದವರು ಯಾರೂ ಉಳಿದಿರಲಿಲ್ಲ. ಆದರೂ ಹೇಳಲಿಲ್ಲ. ಶರಣಪ್ಪ ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಅಂಗಡಿ ಹಾಕಿದ. ಮದುವೆ-ಮುಂಜಿಯಲ್ಲಿ ಯಾರಾದರೂ ಹೊಳೆಯ ಮಾತು ತೆಗೆದರೆ ಎದ್ದು ಹೋಗುತ್ತಿದ್ದ. ಜನ ಅದನ್ನು ವಿನಯ ಎನ್ನುತ್ತಿದ್ದರು.

ಹೋದ ವರ್ಷ ನಮ್ಮ ಶಾಲೆಯಲ್ಲಿ ಸೌಹಾರ್ದದ ಕಾರ್ಯಕ್ರಮ. ಅತಿಥಿಯಾಗಿ ಬಂದವರು ಸರ್ಕಾರಿ ಆಸ್ಪತ್ರೆಗೆ ಹೊಸದಾಗಿ ವರ್ಗವಾಗಿ ಬಂದ ಡಾಕ್ಟರು. ಕಾರಿನಿಂದ ಇಳಿದು ನಡೆದು ಬರುವಾಗಲೇ ಗುರುತು ಹಿಡಿದೆ — ಸುಜಾತಾ. ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ ನಡೆಯುವ ರೀತಿ ಹಾಗೇ ಇತ್ತು. ಅವಳೂ ನನ್ನನ್ನು ಗುರುತಿಸಿದಳು. ಕೈಮುಗಿದು "ನಮಸ್ಕಾರ್ರಿ ಟೀಚರ್" ಅಂದಳು. ಅಷ್ಟೇ.

ವೇದಿಕೆಯ ಮೇಲೆ ನಮ್ಮ ಮುಖ್ಯೋಪಾಧ್ಯಾಯರು ಉತ್ಸಾಹದಿಂದ ಮೈಕು ನನ್ನ ಕಡೆ ಚಾಚಿದರು. "ನೀಲಮ್ಮ ಟೀಚರ್, ನಿಮ್ಮ ಅಣ್ಣಾವ್ರ ಕಥಿ ಡಾಕ್ಟರ್ ಮೇಡಂ ಅವರಿಗೂ ಕೇಳಸ್ರಿ."

ಎದ್ದು ನಿಂತೆ. ಪೆಂಡಾಲಿನ ಬಣ್ಣದ ಬಟ್ಟೆಯಿಂದ ಇಳಿದ ಬಿಸಿಲು ಮಕ್ಕಳ ಮುಖಗಳ ಮೇಲೆ ಕೆಂಪಗೆ, ಹಸಿರಗೆ ತೇಲುತ್ತಿತ್ತು. ಒಂದು ಗಳಿಗೆ ನನಗೆ ನೀರೊಳಗೆ ನಿಂತಂತೆ ಆಯಿತು. ನಾನು ಕಥೆ ಹೇಳಿದೆ. ಜಾರಿದ್ದು ಹೇಳಿದೆ, ಮುಳುಗಿದ್ದು ಹೇಳಿದೆ. "ಆಗ ಒಬ್ಬರು ನನ್ನನ್ನು ಎಳೆದು ಉಳಿಸಿದರು" ಅಂದೆ. ಒಬ್ಬರು! ಸುಳ್ಳನ್ನು ಬಿಟ್ಟೆನಲ್ಲ ಎಂದು ಮನಸ್ಸಿನೊಳಗೆ ಸಮಾಧಾನ ಬೇರೆ ಪಟ್ಟುಕೊಂಡೆ. ಮಕ್ಕಳು ಚಪ್ಪಾಳೆ ತಟ್ಟಿದರು. ಸುಜಾತಾ ತನ್ನ ಸರದಿ ಬಂದಾಗ ಶುಚಿತ್ವದ ಬಗ್ಗೆ, ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ಮಾತಾಡಿ ಕುಳಿತಳು.

ಚಹಾದ ಹೊತ್ತಿಗೆ ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ನಾನು "ಸುಜಾತಾ, ಅವತ್ತು ನಾನು..." ಎಂದು ಶುರು ಮಾಡಿದೆ. ಅವಳು ಕಪ್ಪು ಕೆಳಗಿಟ್ಟಳು.

"ಒಬ್ಬರು ಅಂದ್ರಿ. ಆ ಒಬ್ಬರಿಗೆ ಹೆಸರಿದ್ದಿಲ್ಲೇನ್ರಿ?"

ನನ್ನ ಕಣ್ಣು ತುಂಬಿತು. ಅವಳದು ತುಂಬಲಿಲ್ಲ.

"ನನ್ನ ಮುಂದ ಯಾಕ ಹೇಳ್ತೀರಿ ಟೀಚರ್? ನನಗ ಗೊತ್ತದ. ಯಾರಿಗೆ ಗೊತ್ತಿಲ್ಲ, ಅವರ ಮುಂದ ಹೇಳ್ರಿ."

ಸಿಟ್ಟಿಲ್ಲದ ದನಿ. ರೋಗಿಗೆ ಗುಳಿಗೆ ತಗೊಳ್ಳುವ ಬಗೆ ಹೇಳಿದಂತೆ ಹೇಳಿ ಹೊರಟುಹೋದಳು. ನಾನು ಅವಳನ್ನು ಹೆಸರು ಹಿಡಿದು ಕರೆದೆ, ಅವಳು ಒಮ್ಮೆಯೂ ನನ್ನನ್ನು ನೀಲಮ್ಮ ಎನ್ನಲಿಲ್ಲ. ಅದಕ್ಕೇ ಈ ಬರಹವನ್ನು ಅವಳಿಗಲ್ಲ, ನಿಮಗೆ ಬರೆಯುತ್ತಿದ್ದೇನೆ.

ಮೊದಲು ನನ್ನ ತರಗತಿಯ ಮಕ್ಕಳಿಗೆ ಹೇಳಿದೆ. ಹಿಂದಿನ ಬೆಂಚಿನ ಕೆಲವರು ನನ್ನನ್ನೇ ನೆಟ್ಟ ಕಣ್ಣಿನಿಂದ ನೋಡಿದರು. ನಾನು ಗೌರವದ ಪಾಠ ಮಾಡಿದ ದಿನಗಳಲ್ಲೆಲ್ಲ ಅವರು ಅಲ್ಲಿಯೇ ಕೂತು ಏನು ಯೋಚಿಸುತ್ತಿದ್ದರೋ. ಗೌರವ ಎಂದರೆ ನಯವಾದ ಮಾತು ಎಂದು ನಾನೇ ತಿಳಿದಿದ್ದೆ. ಒಬ್ಬರು ಮಾಡಿದ ಉಪಕಾರವನ್ನು ಅವರ ಹೆಸರಿನಿಂದಲೇ ಹೇಳುವಷ್ಟೂ ನನ್ನಿಂದ ಆಗಿರಲಿಲ್ಲ.

ಶರಣಪ್ಪನಿಗೆ ಫೋನು ಮಾಡಿದೆ. ಅವನು ಅಂಗಡಿಯ ಯಂತ್ರ ನಿಲ್ಲಿಸಿದ. ಆಮೇಲೆ, "ಹೇಳು ತಂಗಿ. ನನ್ನ ಹೆಸರೂ ಹಿಡಿದೇ ಹೇಳು. ನಾನೂ ಬರ್ತೀನಿ" ಅಂದ.

ದಂಡೋತಿಯ ಶಾಲೆಯ ಪ್ರಾರ್ಥನೆ ಮುಗಿದ ಮೇಲೆ ಅದೇ ಅಂಗಳದಲ್ಲಿ ನಿಂತು ಹೇಳಿದೆ. ಶರಣಪ್ಪ ನನ್ನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ. ಊರ ಕೆಲವರು ಬಂದಿದ್ದರು. ಮನೆಗೆ ಬಂದ ಮೇಲೆ ನನ್ನ ತಮ್ಮ ಸಿಡುಕಿದ, "ಈಗ ಇದೆಲ್ಲ ಯಾಕ ಬೇಕಿತ್ತಕ್ಕಾ? ಊರಾಗ ಎಲ್ಲಾರೂ ಚಂದ ಅದೀವಿ." ನಾನೂ ಇಷ್ಟು ವರ್ಷ ಅದನ್ನೇ ಅಂದುಕೊಂಡಿದ್ದೆನಲ್ಲ. ಹೊಳೆಯ ಕಡೆ ನಡೆದೆ.

ಸುಜಾತಾಳ ಹಳೆಯ ಮನೆಯಲ್ಲಿ ಈಗ ಅವಳ ಚಿಕ್ಕಮ್ಮ ಇದ್ದಾರೆ. ಅಂಗಳದಲ್ಲಿ ತೊಗರಿ ಕೇರುತ್ತಿದ್ದರು. ನಾನು ಯಾರೆಂದು ಹೇಳಿದೆ. ಯಾಕೆ ಬಂದೆನೆಂದೂ ಹೇಳಿದೆ. ಮೊರ ಹಿಡಿದ ಕೈ ನಿಂತಿತು.

"ನಮ್ಮಕ್ಕ ಇದ್ದಾಗ ಬರಬೇಕಿತ್ತವ್ವಾ. ಮಗಳಿಗೆ ಸುಳ್ಳಿ ಅಂದದ್ದು ಆಕಿ ಮನಸಿಗೆ ಭಾಳ ಹತ್ತಿತ್ತು. ಆದ್ರೂ ನಿಮ್ಮ ಓಣಿಯವರು ಯಾರು ಈ ಕಡಿ ಬಂದ್ರೂ ಕೇಳ್ತಿದ್ಳು — ಆ ಕೂಸಿನ ಎದ್ಯಾಗಿನ ನೀರು ಪೂರಾ ಹೋಗ್ಯದೋ ಇಲ್ಲೋ, ಛಳಿಗಾಲಕ್ಕ ಕೆಮ್ಮತಾಳೋ ಏನೋ, ಅಂತ."

ಆ ಮಾತನ್ನು ನನಗೆ ಯಾರೂ ಮುಟ್ಟಿಸಿರಲಿಲ್ಲ. ನಾನೂ ಅವರನ್ನು ಒಮ್ಮೆಯೂ ವಿಚಾರಿಸಿರಲಿಲ್ಲ. ಚಿಕ್ಕಮ್ಮ ಮತ್ತೆ ತೊಗರಿ ಕೇರತೊಡಗಿದರು. ಒಳಗೆ ಬಾ ಎನ್ನಲಿಲ್ಲ. ಎನ್ನಲೆಂದು ಬಯಸುವ ಹಕ್ಕೂ ನನಗಿರಲಿಲ್ಲ. ಅಂಗಳದ ಅಂಚಿನಲ್ಲಿ ನಿಂತು, ಇಷ್ಟು ವಯಸ್ಸಾದ ಮೇಲೆ, ಮೊದಲ ಸಲ ಕೇಳಿದೆ — "ಅವ್ವನ ಹೆಸರು ಏನಿತ್ರಿ?"

ಕಮಲಾಬಾಯಿ.